ಹತ್ತಕ್ಕೆ ಎರಡು

ಕ್ಲೆಮ್ ಹಾರ್ಗನ್ ಮೂವತ್ತೊಂದು ವರ್ಷ ಕುರಿಗಳ ಉಣ್ಣೆ ಕತ್ತರಿಸಿದವನು. ದಿನಕ್ಕೆ ನೂರೈವತ್ತು ಕುರಿ, ಅಷ್ಟನ್ನೂ ಸೊಂಟ ಬಗ್ಗಿಸಿಕೊಂಡೇ. ಈಗ ಅವನ ಬೂಟಿನ ದಾರ ಕಟ್ಟಲು ಹೆಂಡತಿ ಮೇವ್ ಬೇಕು. ಬೆನ್ನುನೋವಿನ ಸಂಶೋಧನಾ ತಂಡ ಡೆನಿಲಿಕ್ವಿನ್ ಊರಿಗೆ ಬಂದಾಗ ಅವನ ಹೆಸರು ಬರೆಸಿದವಳೂ ಅವಳೇ. ನೋವು ಹೆಚ್ಚಿದ್ದವರಿಗೆ ಒಂದು ವರ್ಷ ವ್ಯಾಯಾಮದ ಚಿಕಿತ್ಸೆ ಕೊಡುತ್ತಿದ್ದರು.

ಬೆನ್ನಿಗೆ ತಂತಿ ಅಂಟಿಸಿ, ಬಗ್ಗಿಸಿ, ಏಳಿಸಿ ಅಳೆದ ಮೇಲೆ ಸಂಶೋಧಕಿ ಕೇಳಿದಳು: "ನೋವು ಹತ್ತಕ್ಕೆ ಎಷ್ಟು, ಕ್ಲೆಮ್?"

ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ನೋವು ಅಂದವನ ಜಾಗ ಮರುದಿನವೇ ಇನ್ನೊಬ್ಬನ ಪಾಲಾಗುತ್ತಿತ್ತು.

"ಪರವಾಗಿಲ್ಲಮ್ಮ, ಎರಡು ಅಂತ ಬರ್ಕೋ," ಅಂದ ಕ್ಲೆಮ್.

"ಲೇ ಮುದಿ ಟಗರೇ, ನಿನ್ನೆ ಸ್ನಾನದ ತೊಟ್ಟಿಯಿಂದ ನಿನ್ನನ್ನ ಎತ್ತಿದ್ದು ಯಾರೋ?" ಅಂದಳು ಮೇವ್.

"ಇವಳಿಗೆ ಯಾವಾಗ್ಲೂ ತಮಾಷೆ," ಎಂದು ಅವನು ನಕ್ಕ. ರೋಗಿ ಹೇಳಿದ್ದನ್ನೇ ಬರೆಯಬೇಕೆಂಬುದು ನಿಯಮ. ಸಂಶೋಧಕಿ ಎರಡು ಎಂದೇ ಬರೆದಳು.

ಮೂರು ವಾರಕ್ಕೆ ಪತ್ರ ಬಂತು. ನೋವು ಕಡಿಮೆಯಿರುವ ಕಾರಣ ಅವನನ್ನು ಚಿಕಿತ್ಸೆಗೆ ಆಯ್ಕೆ ಮಾಡಿರಲಿಲ್ಲ.

"ನಾಲ್ಕು ಅಂದಿದ್ರೂ ಸಾಕಿತ್ತಂತೆ," ಅಂದಳು ಮೇವ್.

"ನಾಲ್ಕು ಅಂದ್ರೆ ಯಾವ ಶೆಡ್ಡಲ್ಲಿ ಇಟ್ಕೋತಾರೆ ಹೇಳು?"

ಅವಳು ಬಗ್ಗಿ ಅವನ ಬೂಟಿನ ದಾರ ಕಟ್ಟಿದಳು. ಅವನು ಶೆಡ್ಡು ಬಿಟ್ಟು ಆಗಲೇ ಆರು ವರ್ಷವಾಗಿತ್ತು.