ಐದಡಿ ದಾರಿಯ ಹಲಗೆಗಳು

ಮೆಲಾಕಾದ ಹಳೆಯ ಬೀದಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮುಂದೆ ಅಗಲ ಕಡಿಮೆ, ಒಳಗೆ ಹೋದಷ್ಟೂ ಉದ್ದ. ಪ್ರತಿ ಮನೆಯ ಮುಂದೂ ಮಾಡಿನ ಕೆಳಗೆ ಕಂಬಗಳಿರುವ ಒಂದು ಜಗಲಿ. ಜಗಲಿಯಿಂದ ಜಗಲಿಗೆ ನಡೆಯುತ್ತ ಬೀದಿಯ ಕೊನೆ ಮುಟ್ಟಬಹುದು. ಅದಕ್ಕೆ ಐದಡಿ ದಾರಿ ಎಂದು ಹೆಸರು. ಮನೆ ಯಾರದ್ದೇ ಇರಲಿ, ದಾರಿ ಎಲ್ಲರದು. ಆದರೆ ಒಂದು ಜಗಲಿಯ ಎತ್ತರ ಇನ್ನೊಂದಕ್ಕಿಲ್ಲ. ಕಟ್ಟಿಸಿದವರು ತಂತಮ್ಮ ದೊಡ್ಡಸ್ತಿಕೆಗೆ ತಕ್ಕಂತೆ ನೆಲ ಏರಿಸಿಕೊಂಡಿದ್ದಾರೆ. ಪ್ರವಾಸಿಗಳು ಎಡವಿ ಬೈಯುತ್ತಿದ್ದರು. ನನ್ನ ಹೆಂಡತಿಗೆ ಮಾತ್ರ ಆ ಏರುತಗ್ಗೇ ಔಷಧಿ.

ಸ್ಟ್ರೋಕ್ ಆಗಿ ಅವಳ ಎಡಗಾಲು ಸೋತಿತ್ತು. ಹತ್ತಿ ಇಳಿದು ಅಭ್ಯಾಸ ಮಾಡಿದರೆ ಕಾಲು ಸುಧಾರಿಸುತ್ತದೆ ಎಂದು ಫಿಸಿಯೋಥೆರಪಿಯವರು ಹೇಳಿದ್ದರು. ನಾನು ಉಡುಪಿಯಿಂದ ಕಡಲಾಚೆಯ ಈ ಊರಿನ ಮೆಡಿಕಲ್ ಕಾಲೇಜಿಗೆ ಬಂದ ವೈದ್ಯ. ಅಂಥದೊಂದು ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಮ್ಮ ಬಾಡಿಗೆ ಸಂಸಾರ. ಬೀದಿಯ ಮೂಲೆಯಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಗೆ ಒಬ್ಬಳೇ ನಡೆದು ಹೋಗಿ ಚಾ ಕುಡಿಯಬೇಕೆಂಬುದು ಅವಳ ಹಠ.

"ನೀವು ಹಿಂದೆ ಬರ್ಬೇಡಿ ಮಾರಾಯ್ರೆ. ಬಿದ್ರೆ ಕೂಗ್ತೇನೆ."

ಪಕ್ಕದ ಮನೆ ಶವಪೆಟ್ಟಿಗೆ ಮಾಡುವ ಚೀನೀ ಮುದುಕನದು. ಅವಳು ಕಂಬ ಹಿಡಿದು ಬರುವುದು ಕಂಡರೆ ಉಳಿ ಕೆಳಗಿಟ್ಟು, ತನ್ನ ಜಗಲಿ ದಾಟುವ ತನಕ ನೋಡುತ್ತ ನಿಲ್ಲುತ್ತಿದ್ದ.

ಲಾಕ್‌ಡೌನ್ ಬಂತು. ನಮ್ಮ ಮನೆಯ ಆಚೆ ಬದಿಗಿದ್ದ ಲಾಡ್ಜಿನವರು ಬಾಗಿಲಿಗಷ್ಟೇ ಅಲ್ಲ, ಜಗಲಿಗೂ ಗೇಟು ಎಳೆದು ಬೀಗ ಹಾಕಿದರು. ಈಚೆ ಬದಿಗೆ ಮುದುಕ ತನ್ನ ಹಲಗೆಗಳನ್ನೆಲ್ಲ ತಂದು ನಮ್ಮ ಜಗಲಿಯ ಗಡಿಯಲ್ಲಿ ಎದೆಯೆತ್ತರ ಪೇರಿಸಿದ. ನಾನು ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡುವವನೆಂದು ಬೀದಿಗೇ ಗೊತ್ತಿತ್ತು. ಜಗಳಕ್ಕೇ ಹೋದೆ.

"ನನ್ನ ಹೆಂಡತಿಗೆ ಡಯಾಲಿಸಿಸ್ ಲಾ, ಡಾಕ್ಟರ್," ಎಂದ ಹಲಗೆಯ ಆಚೆಯಿಂದ, ಮಾತಿಗೆ ಇಲ್ಲಿಯವರ ರೂಢಿಯ ‘ಲಾ’ ಸೇರಿಸಿ. "ನೀವೇ ಹೇಳಿ, ನಾನೇನು ಮಾಡಲಿ?"

ವೈದ್ಯನಾಗಿ ಹೇಳುವುದಾದರೆ ಅವನು ಮಾಡಿದ್ದೇ ಸರಿ. ಗಂಡನಾಗಿ ನನಗೆ ಮೈಯೆಲ್ಲ ಉರಿಯಿತು. ರಸ್ತೆಗಿಳಿದು ನಡೆಯಲೂ ಆಗ ಅನುಮತಿಯಿರಲಿಲ್ಲ. ಅವಳ ಪಾಲಿಗೆ ಉಳಿದದ್ದು ನಮ್ಮ ಜಗಲಿಯೊಂದೇ, ಅದೂ ಸಪಾಟು ನೆಲ. ಹತ್ತಲು ಏನೂ ಇಲ್ಲ, ಇಳಿಯಲು ಏನೂ ಇಲ್ಲ. ಹಲಗೆಯ ರಾಶಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿರುತ್ತಿದ್ದಳು.

ಮರುವರ್ಷ ರಾಶಿ ಇಳಿಯತೊಡಗಿತು. ಪಕ್ಕದಲ್ಲಿ ಬೆಳಗಾದರೆ ಕೀಸುಳಿಯ ಸದ್ದು. ಅವಳು ಊರುಗೋಲು ಇಟ್ಟು ರಾಶಿಯ ಎತ್ತರ ಅಳೆಯತೊಡಗಿದಳು.

"ಸೊಂಟಕ್ಕೆ ಬಂತು ನೋಡಿ! ಹೀಗೇ ಹೋದ್ರೆ ದೀಪಾವಳಿಗೆ ಮೂಲೆ ಮುಟ್ತೇನೆ."

ಅವತ್ತು ವಾರ್ಡಿನಲ್ಲಿ ತೀರಿಕೊಂಡವರಲ್ಲಿ ಇಬ್ಬರು ನಮ್ಮ ಬೀದಿಯವರು. ಬಾಯಿ ಮುಚ್ಚಿಕೊಂಡಿರಬಹುದಿತ್ತು. ದಣಿವೋ ಸಿಟ್ಟೋ, ಅಂದೇಬಿಟ್ಟೆ: "ಆ ಹಲಗೆ ಎಲ್ಲಿಗೆ ಹೋಗ್ತಾ ಉಂಟು ಅಂತ ಗೊತ್ತುಂಟಲ್ಲ ನಿಂಗೆ?"

"ಗೊತ್ತುಂಟು," ಎಂದಳು. "ಆದ್ರೂ ಖುಷಿ ಆಗ್ತದೆ. ಎಂತ ಮಾಡುದು ಹೇಳಿ?" ಹಾಗೆಂದು ಜೋರಾಗಿ ಅತ್ತಳು. ಅವಳನ್ನು ಸುಮ್ಮನಿರಿಸುವ ಯೋಗ್ಯತೆ ನನಗೆಲ್ಲಿತ್ತು? ರಾಶಿ ಎಷ್ಟು ಇಳಿಯಿತೆಂದು ಡ್ಯೂಟಿಯಿಂದ ಬಂದಾಗಲೆಲ್ಲ ನಾನೂ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಅವಳು ಮತ್ತೆ ಅಳೆಯಲಿಲ್ಲ.

ಕೊನೆಯ ನಾಲ್ಕಾರು ಹಲಗೆಗಳನ್ನು ಮುದುಕ ಒಂದೇ ದಿನ ಒಳಗೆ ಎಳೆದುಕೊಂಡ. ಮಾರನೆಯ ವಾರ ಒಂದು ಸಂಜೆ, ಹಲಗೆಯಿದ್ದ ಜಾಗವನ್ನು ಗುಡಿಸಿ, ಮಾಸ್ಕ್ ಸರಿಮಾಡಿಕೊಂಡು ನಮ್ಮ ಗಡಿಗೆ ಬಂದು ನಿಂತ.

"ನನ್ನ ಹೆಂಡತಿ ಡಯಾಲಿಸಿಸ್‌ಗೆ ಹೋದಲ್ಲಿಂದಲೇ ಸೋಂಕು ತಂದುಕೊಂಡಳು," ಎಂದ. "ಪೆಟ್ಟಿಗೆ ನಾನೇ ಮಾಡಿದೆ. ಇನ್ನು ಇಲ್ಲಿ ಅಡ್ಡ ಯಾಕೆ? ಆಂಟಿ ನಡೆಯಲಿ ಲಾ."

ನನ್ನ ಹೆಂಡತಿ ಕುರ್ಚಿಯಿಂದ ಎದ್ದಳು. ನಡೆಯದಿದ್ದರೆ ಅವನಿಗೆ ಅವಮಾನ ಎಂದುಕೊಂಡಳೋ ಏನೋ. ಕಂಬ ಹಿಡಿದು ಬಲಗಾಲನ್ನು ಅವನ ಜಗಲಿಯ ಮೇಲಿಟ್ಟಳು. ಎಡಗಾಲು ಏಳಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು. ಹಿಂದೆ ದಿನವೂ ಹತ್ತುತ್ತಿದ್ದ ಮೆಟ್ಟಿಲು ಅದು, ಒಂದು ಗೇಣೂ ಇಲ್ಲ. ನಾನು ಹೋಗಿ ತೋಳು ಹಿಡಿದು ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದೆ.

ಅವಳು ದಾಟುವ ತನಕ ನೋಡುತ್ತ ನಿಲ್ಲುವುದು ಮುದುಕನ ಹಳೆಯ ರೂಢಿ. ಅವತ್ತು ಕತ್ತಲಾಗುವವರೆಗೂ ನಿಂತೇ ಇದ್ದ.