ದಪ್ಪ ಸ್ವರಕ್ಕೆ ಎಂಥ ವೈರು

ದರ್ಜಿಯ ಬದುಕೆಲ್ಲ ನಡೆದದ್ದು ಒಂದೇ ನಿಯಮದ ಮೇಲೆ: ದಪ್ಪ ಬಟ್ಟೆಗೆ ದಪ್ಪ ದಾರ, ತೆಳು ಬಟ್ಟೆಗೆ ಸಣ್ಣ ದಾರ. ಅಂಗಡಿಯಲ್ಲಿ ಅದು ಎಂದೂ ಕೈಕೊಟ್ಟಿರಲಿಲ್ಲವಾಗಿ ಜಗತ್ತೆಲ್ಲ ಅದರ ಮೇಲೇ ನಿಂತಿದೆ ಎಂದು ನಂಬಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಹೆಂಡತಿಯ ವಿಷಯ ಬಂದಾಗ ಮಾತ್ರ ಮೊಲಕ್ಕೆ ಅವಳು ಹೇಳಿದಷ್ಟು ಕಾಲು.

ಅವಳು ಅದೇ ಅಂಗಡಿಯಲ್ಲಿ ಕೂತು ಕಾಜಾ ಹೊಲಿಯುತ್ತಿದ್ದಳು. ಮಗಳು ತೊಟ್ಟಿಲಲ್ಲಿದ್ದಾಗ ಬಂದ ಜ್ವರ ಅವಳ ಕಿವಿಯನ್ನು ಪೂರ್ತಿ ಕಸಿದುಕೊಂಡಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಮೇಜಿನ ಮೇಲೆ ಅಂಗೈ ಇಟ್ಟರೆ ಸಾಕು, ಗಂಡನ ಮೆಷಿನ್ನು ಓಡುತ್ತಿದೆಯೋ, ಅವನು ಕೂತಲ್ಲೇ ತೂಕಡಿಸುತ್ತಿದ್ದಾನೋ ಗೊತ್ತಾಗಿಬಿಡುತ್ತಿತ್ತು. ಮಗಳು ಬೆಳೆದು ದಪ್ಪ ಸ್ವರದ ಬೇಸ್ ಗಿಟಾರ್ ಹಿಡಿದಳು. ಊರೆಲ್ಲ ಕೇಳಿತು, ಹೆತ್ತವಳು ಕೇಳಲಿಲ್ಲ. ದರ್ಜಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೊಂದಿರಲಿಲ್ಲ.

ಅದಕ್ಕೇ ಅವನು ಒಂದು ಸ್ಪೀಕರ್ ಪೆಟ್ಟಿಗೆ ಮನೆಗೆ ತಂದದ್ದು. ಸೊಂಟದೆತ್ತರದ್ದು, ದಪ್ಪ ಸ್ವರಕ್ಕೆಂದೇ ಮಾಡಿದ್ದು, ಆಂಪ್ಲಿಫೈಯರ್ ಅದರ ಹೊಟ್ಟೆಯೊಳಗೇ ಇತ್ತು. ಮೇಜಿನ ಮಾತು ತಿಳಿಯುವ ಕೈಗೆ ಈ ಪೆಟ್ಟಿಗೆಯ ಮಾತು ತಿಳಿಯದೇ ಇರುತ್ತದೆಯೇ? ಮಗಳ ಗಿಟಾರಿನ ಸದ್ದು ಹಾದುಬರುವ ಮಿಕ್ಸರಿನಿಂದ ಪೆಟ್ಟಿಗೆಗೆ ಒಂದು ವೈರು ಬೇಕಿತ್ತು. ಅವಳು ಬರುವಷ್ಟರಲ್ಲಿ ಎಲ್ಲ ಸಿದ್ಧವಿರಲಿ ಎಂದು ತಾನೇ ಹೋಗಿ, ಯಾರನ್ನೂ ಕೇಳದೆ, ಎಲೆಕ್ಟ್ರಿಕ್ ಅಂಗಡಿಯಲ್ಲಿದ್ದ ಅತಿ ದಪ್ಪ ಸ್ಪೀಕರ್ ವೈರು ತಂದು ಸಿಕ್ಕಿಸಿದ. ದಪ್ಪ ಸ್ವರ, ದಪ್ಪ ವೈರು. ಲೆಕ್ಕ ಸರಿಹೋಯಿತು.

ಮಗಳು ಬಂದು ಗಿಟಾರ್ ಹೆಗಲಿಗೇರಿಸಿದಳು. ಸ್ವಿಚ್ ಹಾಕಿದ್ದೇ ಪೆಟ್ಟಿಗೆ ‘ಗುಂಯ್’ ಎಂದಿತು. ತಾಯಿ ಅಂಗೈ ಇಟ್ಟವಳು ಹಾಗೇ ಕಣ್ಣು ಮುಚ್ಚಿಕೊಂಡಳು. "ಬರ್ತಿದೆ ಕಣ್ರೀ! ಎಷ್ಟು ಚೆನ್ನಾಗಿ ನುಡಿಸ್ತಾಳೆ ನಮ್ಮವಳು!" ಎಂದಳು. ಕೆನ್ನೆ ಒದ್ದೆಯಾಗಿತ್ತು.

ಮಗಳು ಇನ್ನೂ ತಂತಿ ಮುಟ್ಟಿರಲಿಲ್ಲ.

"ಅಪ್ಪಾ, ಅದು ನಾನಲ್ಲ," ಎಂದಳು ಮೆಲ್ಲಗೆ. "ಬರೀ ವೈರಿನ ಗೊರಗೊರ."

ದರ್ಜಿಗೆ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಸಂತೋಷವಾಗಿದ್ದಾಳೆ, ಇರಲಿ ಬಿಡು ಎಂದಿತು ಮನಸ್ಸು. ಆದರೆ ಮಗಳಿನ್ನೂ ನುಡಿಸಬೇಕಷ್ಟೆ, ತಾಯಿ ಆಗಲೇ ಗೊರಗೊರಕ್ಕೆ ತಲೆದೂಗುತ್ತಿದ್ದಾಳೆ! ಅದನ್ನು ನೋಡಲಾರದೆ ಸ್ವಿಚ್ ಆರಿಸಿ, ವೈರು ಕಿತ್ತು ಹೆಗಲಿಗೆ ಹಾಕಿಕೊಂಡು ಮತ್ತೆ ಅದೇ ಅಂಗಡಿಗೆ ನಡೆದ.

"ಇದು ಆಂಪ್ಲಿಫೈಯರ್ ಇಲ್ದಿರೋ ಬರೀ ಪೆಟ್ಟಿಗೆಗೆ, ಯಜಮಾನ್ರೇ," ಎಂದ ಅಂಗಡಿಯವನು. "ನಿಮ್ಮದ್ರಲ್ಲಿ ಆಂಪ್ಲಿಫೈಯರ್ ಒಳಗೇ ಇದೆ, ಶಕ್ತಿಯೆಲ್ಲ ಗೋಡೆಯ ಪ್ಲಗ್ಗಿಂದ ಬರತ್ತೆ. ಈ ವೈರಲ್ಲಿ ಹೋಗೋದು ಪಿಸುಮಾತು ಮಾತ್ರ. ಅದಕ್ಕೆ ಸುತ್ತ ಹೊದಿಕೆ ಇಲ್ದಿದ್ರೆ ದಾರೀಲಿರೋ ಕರೆಂಟಿನ ಗಲಾಟೆಯೆಲ್ಲ ಒಳಗೆ ಸೇರ್ಕೊಳತ್ತೆ." ಸಣ್ಣದೊಂದು ವೈರಿನ ತುದಿ ಸುಲಿದು ತೋರಿಸಿದ. ಒಳಗಿನ ಎಳೆಯ ಸುತ್ತ ತಾಮ್ರದ ನವಿರಾದ ಹೆಣಿಗೆ.

"ಲೈನಿಂಗ್ ಹಾಕಿದ್ದು ಅನ್ನಿ!" ಎಂದ ದರ್ಜಿ. ಅಷ್ಟು ಸಾಕಾಯಿತು.

ಮನೆಗೆ ಬಂದು ಸಿಕ್ಕಿಸಿದ. ಸ್ವಿಚ್ ಹಾಕಿದರೂ ಪೆಟ್ಟಿಗೆ ತುಟಿಪಿಟಕ್ಕೆನ್ನಲಿಲ್ಲ. ಅಂಗೈ ಇಟ್ಟ ಹೆಂಡತಿಯ ಮುಖ ಸಪ್ಪಗಾಯಿತು. "ಚೆನ್ನಾಗಿ ಬರ್ತಿತ್ತಲ್ರೀ. ಸುಮ್ನಿರಲಾರದೆ ಯಾಕೆ ಬದಲಾಯಿಸಿದ್ರಿ?"

ಅವನು ಮಗಳತ್ತ ನೋಡಿ, ನುಡಿಸು ಎಂದು ತಲೆಯಾಡಿಸಿದ.

ಮಗಳು ಒಂದು ತಂತಿ ಮೀಟಿದಳು. ತಾಯಿ ಬೆಚ್ಚಿ ಕೈ ತೆಗೆದಳು, ಮತ್ತೆ ಇಟ್ಟಳು. ಮಗಳು ನುಡಿಸತೊಡಗಿದಳು. ತಾಯಿ ಈ ಸಲ ಕಣ್ಣು ಮುಚ್ಚಲಿಲ್ಲ, ಮಗಳ ಬೆರಳುಗಳನ್ನೇ ನೋಡುತ್ತ ನಿಂತಳು. ಬೆರಳು ಓಡಿದರೆ ಅಂಗೈಯೊಳಗೆ ಓಟ, ಬೆರಳು ತಡೆದರೆ ಅಲ್ಲೂ ತಡೆ. ನಡುವೆ ಮಗಳು ತಂತಿಗಳ ಮೇಲೆ ಕೈಯಿಟ್ಟು ಪೂರ್ತಿ ನಿಲ್ಲಿಸಿದಳು. ಪೆಟ್ಟಿಗೆಯೂ ನಿಂತಿತು.

ತಾಯಿಯ ಬಾಯಿ ತೆರೆದುಕೊಂಡಿತು. ಮೊದಲು ಬಂದದ್ದು ಹೀಗೆ ಯಾರಿಗೋಸ್ಕರವೂ ನಿಂತಿರಲಿಲ್ಲವೆಂದು ಅವಳಿಗೆ ಹೊಳೆಯಿತು.

"ಇದು ನೀನು," ಎಂದಳು. ಆಮೇಲೆ ಎರಡೂ ಕೈಗಳನ್ನು ಪೆಟ್ಟಿಗೆಗೆ ಒತ್ತಿ ಹಿಡಿದು, "ನುಡಿಸು ಮಗಳೇ. ನುಡಿಸಿ, ಇನ್ನೊಂದ್ಸಲ ನಿಲ್ಸು," ಎಂದಳು.