ಡಾಕ್ಟರರನ್ನು ಸೋಲಿಸಿದ ದಿನ

ಎಪ್ಪತ್ತರ ದಶಕದಲ್ಲಿ ನಾನು ಮದ್ದಿನ ಕಂಪೆನಿಯ ರೆಪ್. ಮಂಗಳೂರಿನ ಅತ್ತಾವರದ ಡಾಕ್ಟರರೊಬ್ಬರು ಒಂದು ಗೇಮ್ ಟೇಬಲ್ ಟೆನ್ನಿಸ್ ಆಡದೆ ನಮ್ಮನ್ನು ಮಾತಾಡಿಸುತ್ತಿರಲಿಲ್ಲ. ಅವರನ್ನು ಮೆಚ್ಚಿಸಲು ಬೇಕಂತಲೇ ಸೋಲುವುದು ರೆಪ್‌ಗಳ ವಾಡಿಕೆ; ನನಗಂತೂ ಅದಕ್ಕೆ ಪ್ರಯತ್ನವೇ ಬೇಕಿರಲಿಲ್ಲ. ಚೆಂಡಿನ ಅಡಿ ಕೆರೆದು, ಅದು ಹಿಮ್ಮುಖ ತಿರುಗುವಂತೆ ಅವರು ಪುಶ್ ಮಾಡಿದರೆ ನಾನು ಹೊಡೆದದ್ದೆಲ್ಲ ನೆಟ್ಟಿಗೇ.

ಒಮ್ಮೆ ಚೆಂಡು ಹೆಕ್ಕಿ ಕೊಡುತ್ತ ಅವರ ಕ್ಲಿನಿಕ್ಕಿನ ಅಟೆಂಡರ್, ಬೆಂಗ್ರೆ ಊರಿನವ, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದ: "ಅವಸರ ಎಂತಕೆ ಮಾರಾಯ್ರೆ? ಚೆಂಡು ಇಳಿಯಲಿ, ಮತ್ತೆ ಕೆಳಗಿಂದ ಮೇಲಕ್ಕೆ ಉಜ್ಜಿ."

ಉಜ್ಜಿದೆ. ಚೆಂಡು ನೆಟ್ ದಾಟಿ ಮೇಜಿನ ಆಚೆ ತುದಿಗೆ ಬಡಿದು ಹಾರಿತು. ಮೈ ಜುಮ್ಮೆಂದಿತು. ಮತ್ತೆ ಬಂದ ಪುಶ್ಶನ್ನೆಲ್ಲ ಎತ್ತೆತ್ತಿ ಹೊಡೆದು ಗೆದ್ದೇಬಿಟ್ಟೆ. ಗೆದ್ದ ಮೇಲಷ್ಟೇ ಬಂದ ಕೆಲಸ ನೆನಪಾಯಿತು: ಇನ್ನು ಇವರು ನನ್ನ ಮದ್ದು ಬರೆದ ಹಾಗೇ!

ಡಾಕ್ಟರರು ಬೆವರೊರೆಸಿಕೊಂಡು, "ಈಗ ಬ್ಯಾಗ್ ತೆರೆಯಿರಿ. ಬೇಕಂತಲೇ ಸೋಲುವವರ ಮದ್ದು ನಾನು ಬರೆಯುವುದಿಲ್ಲ" ಎಂದರು.

ಅಷ್ಟು ದಿನವೂ ಪ್ರಾಮಾಣಿಕವಾಗಿಯೇ ಸೋತಿದ್ದೆ ಎಂದು ನಾನು ಹೇಳಲಿಲ್ಲ.